ನಲವತ್ತು ಗ್ಯಾಲನ್ ನೀರು ಮತ್ತು ನಮ್ಮಮ್ಮ

ಬಹಳ ದಿನದಿಂದ ಬರೀಬೇಕು, ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಅಮ್ಮ ಊರಿಗೆ ವಾಪಸ್ ಹೋಗಿಯೂ ಆಯ್ತು. ಅವಳು ಬಿಟ್ಟು ಹೋದ ನೀಲಿ ಬಕೆಟ್ ಮಾತ್ರ ಬಚ್ಚಲಲ್ಲಿ ಹಾಗೇ ಕೂತಿದೆ. ದಿನಾ ಬೆಳಿಗ್ಗೆ ಅದರ ಮುಖ ನೋಡಿದಾಗಲೆಲ್ಲ ಇವತ್ತು ಬರೆದೇ ಬಿಡೋಣ ಅನಿಸುತ್ತೆ. ಅಂತೂ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ :)

ನಾವಿರೋದು ಲಾಸ್ ಏಂಜಲೀಸ್ ಊರಿನ ಉತ್ತರದ ಭಾಗದಲ್ಲಿ. ಅಪ್ಪ ಹೋದ ಮೇಲೆ ಚಳ್ಳಕೆರೆಯ ಮನೆಯಲ್ಲಿ ಅಮ್ಮ ಒಬ್ಬಳೇ. 2024ರ ಆಗಸ್ಟಿನಲ್ಲಿ ಹಠ ಹಿಡಿದು ಕರೆಸಿಕೊಂಡೆ. ಬಂದ ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯ್ತು ನೀರಿನ ರಗಳೆ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲೋಕೆ ಬಿಡ್ತಿರಲಿಲ್ಲ, ಪಾತ್ರೆಯಲ್ಲಿ ಹಿಡಿದು ಗಿಡಕ್ಕೆ ಹಾಕಬೇಕು. ಶವರಿನಲ್ಲಿ ಬಿಸಿನೀರು ಬರೋವರೆಗೆ ಸುಮ್ಮನೆ ಹರಿಯುತ್ತಲ್ಲ, ಆ ತಣ್ಣೀರಿಗೆ ಒಂದು ಬಕೆಟ್. ಮೊಮ್ಮಗಳು ಹಲ್ಲುಜ್ಜುವಾಗ ಹಿಂದೆ ಹೋಗಿ ನಲ್ಲಿ ತಿರುಗಿಸಿ ಬರೋದು. ಮಗಳಿಗೆ ಕಿರಿಕಿರಿ, ನನ್ನವಳಿಗೆ ಬಚ್ಚಲಲ್ಲಿ ಬಕೆಟ್ ಎಡವಿ ಎಡವಿ ಸಾಕಾಗಿತ್ತು. ಬಾಯಿಬಿಟ್ಟು ಹೇಳಿದವನು ಮಾತ್ರ ನಾನು.

"ಅಮ್ಮಾ, ಇದು ಚಳ್ಳಕೆರೆ ಅಲ್ಲ. ಇಲ್ಲಿ ನೀರಿಗೇನು ಬರ ಇಲ್ಲ. ಸುಮ್ನಿರು ಸ್ವಲ್ಪ."

ಕ್ಯಾಲಿಫೋರ್ನಿಯಾದಲ್ಲಿ ನಿಂತುಕೊಂಡು ಈ ಮಾತು ಆಡಿದ ಮಹಾನುಭಾವ ನಾನು, ನಗಬೇಡಿ. ಅಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ಬಕೆಟ್ ಗ್ಯಾರೇಜಿನಲ್ಲಿತ್ತು. ಅವತ್ತಿನಿಂದ ಅಮ್ಮ ಸೋಫಾದ ಒಂದು ಮೂಲೆಯಲ್ಲಿ ಕೂತರೆ ಕೂತಳೇ. ಟೀವಿ, ಊಟ, ನಿದ್ದೆ. "ಗ್ರೀನ್ ಕಾರ್ಡ್‌ಗೆ ಹಾಕ್ತೀನಮ್ಮ, ಇಲ್ಲೇ ಇದ್ದುಬಿಡು" ಅಂದರೆ "ನೋಡೋಣ ಬಿಡಪ್ಪ" ಅಂತ ಅಷ್ಟೇ.

*

ಎಲ್ಲಾದರೂ ಹೊರಗೆ ಕರೆದುಕೊಂಡು ಹೋದರೆ ಸರಿಹೋಗ್ತಾಳೆ ಅಂತ ಹೊಳೆದಿದ್ದು ಆರ್‌ವಿ ಪ್ರವಾಸ. ಆರ್‌ವಿ ಅಂದ್ರೆ ಗೊತ್ತಲ್ಲ, ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರೋ ವ್ಯಾನು. ಕರೆಂಟು, ನೀರು, ಡ್ರೈನೇಜಿನ ಕನೆಕ್ಷನ್ ಕೊಡುವ ಕ್ಯಾಂಪ್‌ಗ್ರೌಂಡುಗಳಿವೆ, ಅಲ್ಲಿ ಹೋಗಿ ಪ್ಲಗ್ ಹಾಕಿಕೊಂಡರೆ ಮನೆಯ ಹಾಗೇ. ಆದರೆ ನನಗೆ ಯೂಟ್ಯೂಬ್ ನೋಡಿ ನೋಡಿ ತಲೆಗೆ ಏರಿದ್ದು ಇನ್ನೊಂದು ತರದ್ದು. ಯಾವ ಕನೆಕ್ಷನ್ನೂ ಇಲ್ಲದ ಬಯಲಲ್ಲಿ, ಗಾಡಿಯಲ್ಲಿ ಏನಿದೆಯೋ ಅಷ್ಟರಲ್ಲೇ ಇರೋದು. ಇಲ್ಲಿಯವರು ಇದಕ್ಕೆ ಬೂನ್‌ಡಾಕಿಂಗ್ ಅಂತಾರೆ. ಬೂನ್‌ಡಾಕ್ ಅನ್ನೋದು ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯ 'ಬುಂಡೋಕ್' ಅನ್ನೋ ಪದದಿಂದ ಬಂದಿದ್ದು. ಹಾಗಂದ್ರೆ ಬೆಟ್ಟ.

ಅಮೆರಿಕದ ನೆಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಸರ್ಕಾರಿ ಇಲಾಖೆಯ ಕೈಯಲ್ಲಿದೆ, ಹೆಚ್ಚಿನದು ಪಶ್ಚಿಮದ ರಾಜ್ಯಗಳಲ್ಲಿ. ಅಂಥ ಬಹಳಷ್ಟು ಜಾಗಗಳಲ್ಲಿ ಪುಕ್ಕಟೆಯಾಗಿ ಬಿಡಾರ ಹೂಡಬಹುದು, ಸಾಮಾನ್ಯವಾಗಿ ಹದಿನಾಲ್ಕು ದಿನದವರೆಗೆ. ನಾನು ಆರಿಸಿಕೊಂಡಿದ್ದು ಅಲಬಾಮಾ ಹಿಲ್ಸ್. ಹೆಸರು ಕೇಳಿ ಅಲಬಾಮಾ ರಾಜ್ಯ ಅಂದುಕೊಳ್ಳಬೇಡಿ. ಇದು ಕ್ಯಾಲಿಫೋರ್ನಿಯಾದಲ್ಲೇ, ಲೋನ್ ಪೈನ್ ಅನ್ನೋ ಪುಟ್ಟ ಊರಿನ ಪಕ್ಕ, ನಮ್ಮ ಮನೆಯಿಂದ ಸುಮಾರು 200 ಮೈಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದವರ ಪರ ಇದ್ದ ಗಣಿಗಾರರು ಆ ಕಡೆಯ 'ಅಲಬಾಮಾ' ಅನ್ನೋ ಯುದ್ಧನೌಕೆಯ ಹೆಸರಿಟ್ಟರು, ಅದೇ ಉಳಿಯಿತು. ಈಗ ಅಲ್ಲಿ ರಾತ್ರಿ ತಂಗೋಕೆ ಪುಕ್ಕಟೆ ಪರ್ಮಿಟ್ ತಗೋಬೇಕು, ಗುರುತು ಮಾಡಿದ ಜಾಗದಲ್ಲೇ ನಿಲ್ಲಿಸಬೇಕು.

ಬಾಡಿಗೆಗೆ ತಂದ ಗಾಡಿಯ ಟ್ಯಾಂಕಿನಲ್ಲಿ ನಲವತ್ತು ಗ್ಯಾಲನ್ ನೀರು ಹಿಡಿಯುತ್ತೆ, ಅಂದ್ರೆ 150 ಲೀಟರ್. ಮನೆಯ ಮುಂದೆ ನಿಲ್ಲಿಸಿ ಪೈಪು ಹಾಕಿ ತುಂಬಿಸಿದೆ. ಅಮೆರಿಕದಲ್ಲಿ ಒಬ್ಬ ಮನುಷ್ಯ ಮನೆಯಲ್ಲಿ ದಿನಕ್ಕೆ ಸರಾಸರಿ 80 ಗ್ಯಾಲನ್ ಖರ್ಚು ಮಾಡ್ತಾನಂತೆ. ನಾವು ನಾಲ್ಕು ಜನ, ಮೂರು ರಾತ್ರಿ, ನಲವತ್ತು ಗ್ಯಾಲನ್. ಲೆಕ್ಕ ನೀವೇ ಹಾಕಿ. ಕುಡಿಯೋಕೆ ಬೇರೆ ಆರು ಕ್ಯಾನ್ ಇಟ್ಟುಕೊಂಡೆವು.

ಅಮ್ಮ ಗಾಡಿಯೊಳಗೆ ಒಂದು ಸುತ್ತು ಹಾಕಿ, ಕಕ್ಕಸಿನ ಬಾಗಿಲು ತೆಗೆದು ನೋಡಿ, "ಇದ್ರದ್ದು ಎಲ್ಲಿಗೆ ಹೋಗುತ್ತೆ?" ಅಂದಳು. ಕೆಳಗೊಂದು ಟ್ಯಾಂಕ್ ಇದೆ, ಅದರಲ್ಲೇ ಇರುತ್ತೆ, ವಾಪಸ್ ಬರುವಾಗ ಒಂದು ಕಡೆ ಖಾಲಿ ಮಾಡ್ತೀವಿ ಅಂದೆ. "ಅದನ್ನೂ ಕಟ್ಕೊಂಡು ಊರೂರು ತಿರುಗ್ತೀರಾ?" ಅಂತ ಮೂಗು ಮುಚ್ಚಿಕೊಂಡಳು. ಎರಡು ತಿಂಗಳ ನಂತರ ಅಮ್ಮ ಆಡಿದ ಮೊದಲ ಉದ್ದದ ಮಾತು ಅದು. ನನಗೆ ಖುಷಿಯೇ ಆಯ್ತು.

ಊರು ದಾಟಿ 5ನೇ ಹೈವೇಯಲ್ಲಿ ಸಿಲ್ಮಾರ್ ಹತ್ತಿರ ಹೋಗುವಾಗ ಅಮ್ಮ ಕಿಟಕಿಯಿಂದ ಬೆರಳು ತೋರಿಸಿ "ಅದೇನಪ್ಪ, ಗುಡ್ಡದ ಮೇಲಿಂದ ನೀರು ಬೀಳ್ತಿದೆ?" ಅಂದಳು. ಬೋಳು ಗುಡ್ಡದ ಮೈಮೇಲೆ ಒಂದು ಕಾಂಕ್ರೀಟ್ ಇಳಿಜಾರು ಇದೆ, ಅದರಲ್ಲಿ ಬೆಳ್ಳಗೆ ನೀರು ಇಳಿಯುತ್ತಿತ್ತು. ಹನ್ನೊಂದು ವರ್ಷದಿಂದ ಓಡಾಡೋ ದಾರಿ. "ಏನೋ ಗೊತ್ತಿಲ್ಲಮ್ಮ, ಯಾವುದೋ ಕಾಲುವೆ" ಅಂದೆ.

*

ಅಲಬಾಮಾ ಹಿಲ್ಸ್ ತಲುಪಿದಾಗ ಸಂಜೆ. ಕಂದು ಬಣ್ಣದ ಗುಂಡುಬಂಡೆಗಳು ಒಂದರ ಮೇಲೊಂದು ಕೂತು, ಅವುಗಳ ಬೆನ್ನಿಗೆ ಸಿಯೆರಾ ನೆವಾಡಾ ಪರ್ವತ ಗೋಡೆ ಕಟ್ಟಿದಂಗೆ ನಿಂತಿದೆ. ಅದರಲ್ಲೇ ಮೌಂಟ್ ವಿಟ್ನಿ, 14,505 ಅಡಿ. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಅಮ್ಮ ಕೆಳಗಿಳಿದು ಸೆರಗು ಸುತ್ತಿಕೊಂಡು ನಾಲ್ಕೂ ಕಡೆ ನೋಡಿ ಹೇಳಿದ್ದು ಒಂದೇ ಮಾತು: "ನಮ್ ದುರ್ಗ ಇದ್ದಂಗಿದೆ."

ನಿಜ ಹೇಳ್ತೀನಿ, ಹಾಗೇ ಇದೆ! ನಮ್ಮ ಚಿತ್ರದುರ್ಗದ ಬಂಡೆಗಳ ಮೇಲೆ 1972ರಲ್ಲಿ 'ನಾಗರಹಾವು' ತೆಗೆದರು, ರಾಮನಗರದಲ್ಲಿ 'ಶೋಲೆ' ತೆಗೆದರು. ಇಲ್ಲೂ ಅದೇ ಕಥೆ. ನೂರಾರು ಕೌಬಾಯ್ ಸಿನಿಮಾಗಳು ಈ ಬಂಡೆಗಳ ನಡುವೆ ಆಗಿವೆ. 1939ರ 'ಗುಂಗಾ ದಿನ್' ಸಿನಿಮಾಕ್ಕಂತೂ ಇದನ್ನೇ ಇಂಡಿಯಾ ಅಂತ ತೋರಿಸಿದರು. ಆ ಗುಂಗಾ ದಿನ್ ಯಾರು ಅಂತೀರಿ? ಸಿಪಾಯಿಗಳಿಗೆ ನೀರು ಹೊರುವವನು.

ಅವತ್ತು ನವೆಂಬರ್ 15, ಕಾರ್ತೀಕದ ಹುಣ್ಣಿಮೆ. ಅಮ್ಮ ಬಂಡೆಯ ಸಂದಿಯಲ್ಲಿ ಒಂದು ಹಣತೆ ಹಚ್ಚಿಟ್ಟಳು. ಗಾಳಿಗೆ ಎರಡು ನಿಮಿಷ ನಿಲ್ಲಲಿಲ್ಲ. ಚಂದ್ರ ಮಾತ್ರ ಬಂಡೆಗಳ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಗುತ್ತಿದ್ದ. ನಾನು ಒಳಗೊಳಗೇ ಬೀಗುತ್ತಿದ್ದೆ, ನೋಡಿ ಎಂಥಾ ಜಾಗಕ್ಕೆ ಕರ್ಕೊಂಡು ಬಂದೆ ಅಂತ.

ಬೀಗಿದ್ದು ಬೆಳಗಿನ ಜಾವ ನಾಲ್ಕು ಗಂಟೆಯವರೆಗೆ. ಆ ಹೊತ್ತಿಗೆ ಗಾಡಿ ಕುಂಯ್ ಕುಂಯ್ ಅಂತ ಕೂಗೋಕೆ ಶುರು ಮಾಡಿತು. ಹೀಟರು ಉರಿಯೋದು ಗ್ಯಾಸಿನಲ್ಲೇ ಆದರೂ ಬಿಸಿಗಾಳಿ ಊದುವ ಫ್ಯಾನು ನಡೆಯೋದು ಬ್ಯಾಟರಿಯಲ್ಲಿ. ನಾನು ಮನೆಯಲ್ಲಿ ಇಡೋ ಹಾಗೆ 72 ಡಿಗ್ರಿಗೆ ಇಟ್ಟು ಮಲಗಿದ್ದೆ. ಫುಲ್ ಚಾರ್ಜ್ ಆದಾಗ 12.7 ವೋಲ್ಟ್ ಇರೋ ಬ್ಯಾಟರಿ, 12ಕ್ಕಿಂತ ಕೆಳಗೆ ಬಿಡಲೇಬಾರದು. ನೋಡಿದರೆ ಹನ್ನೊಂದೂ ಚಿಲ್ಲರೆ. ಹೀಟರ್ ನಿಂತಿತು. ಫ್ರಿಜ್ಜೂ ಗ್ಯಾಸಿನದೇ, ಆದರೆ ಅದರ ಸರ್ಕ್ಯೂಟಿಗೂ ಬ್ಯಾಟರಿ ಬೇಕು, ಅದೂ ನಿಂತಿತು. ಜನರೇಟರ್ ಹಾಕೋಣ ಅಂದರೆ ಅದನ್ನು ಸ್ಟಾರ್ಟ್ ಮಾಡೋಕೂ ಅದೇ ಬ್ಯಾಟರಿ! ಹೊರಗೆ ನೀರು ಹೆಪ್ಪುಗಟ್ಟೋ ಚಳಿ. ಅಮ್ಮ ಊರಿಂದ ತಂದಿದ್ದ ಕರಿ ಕಂಬಳಿ ತೆಗೆದು ಮೊಮ್ಮಗಳಿಗೆ ಹೊದಿಸಿ ಅವಳನ್ನು ತಬ್ಬಿಕೊಂಡು ಮಲಗಿದಳು. ಚಳ್ಳಕೆರೆ ಕಂಬಳಿ. "ಅಮೆರಿಕಕ್ಕೆ ಕಂಬಳಿ ಯಾಕಮ್ಮ" ಅಂತ ಏರ್‌ಪೋರ್ಟಿನಲ್ಲಿ ರೇಗಿದವನೂ ನಾನೇ.

ಬೆಳಕು ಹರಿದ ಮೇಲೆ ಗಾಡಿಯ ಎಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಸ್ವಲ್ಪ ಜೀವ ತುಂಬಿ, ಆಮೇಲೆ ಜನರೇಟರ್ ಹಾಕಿದ್ದಾಯ್ತು. ಮೈಯೆಲ್ಲ ಮರಗಟ್ಟಿತ್ತು. ಬಿಸಿನೀರು ಕಾದದ್ದೇ ತಡ ಶವರಿಗೆ ನುಗ್ಗಿದೆ. ಏಳು ನಿಮಿಷ. ಹೊರಗೆ ಬಂದಾಗ ನನ್ನವಳು ಗೋಡೆಯ ಮೇಲಿನ ನೀರಿನ ದೀಪಗಳನ್ನೇ ನೋಡುತ್ತಾ ನಿಂತಿದ್ದಳು. ಮೂರರಲ್ಲಿ ಎರಡು ಪಾಲು ತೋರಿಸುತ್ತಿದ್ದದ್ದು ಮೂರರಲ್ಲಿ ಒಂದಕ್ಕೆ ಇಳಿದಿತ್ತು.

"ಹದಿನಾಲ್ಕು ಗ್ಯಾಲನ್ ಒಬ್ರೇ ಮುಗಿಸಿದ್ರಾ?"

ನಾನು ಟವೆಲ್ ಸುತ್ತಿಕೊಂಡು ಕಳ್ಳನ ಹಾಗೆ ನಿಂತಿದ್ದೆ. ಇನ್ನೂ ಎರಡು ರಾತ್ರಿ ಬಾಕಿ.

*

"ವಾಪಸ್ ಹೋಗಿಬಿಡೋಣ" ಅಂದೆ. ಅಮ್ಮ ಕೇಳಿದಳು, "ಎಷ್ಟು ಉಳಿದಿದೆ?" ಐವತ್ತು ಲೀಟರ್ ಇರಬಹುದು ಅಂದೆ.

"ನಾಲ್ಕು ಕೊಡ ಆಗುತ್ತಲ್ಲ. ಅದಕ್ಕ್ಯಾಕೆ ಇಷ್ಟು ಗಾಬರಿ? ಆ ಪಂಪ್ ಆರಿಸು ಮೊದಲು."

ಆಮೇಲೆ ನಡೆದದ್ದು ಅಮ್ಮನ ರಾಜ್ಯಭಾರ. ಪಂಪಿನ ಸ್ವಿಚ್ಚಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಬೆಳಿಗ್ಗೆ ಒಂದು ಸಲ ಪಂಪ್ ಹಾಕಿ ದೊಡ್ಡ ಪಾತ್ರೆಗೆ ತುಂಬಿಸಿ, ಮುಚ್ಚಿಡೋದು. ಇಡೀ ದಿನಕ್ಕೆ ಅಷ್ಟೇ. ಅದಕ್ಕೊಂದು ಲೋಟ. ಮುಖ ತೊಳೆಯೋಕೆ ಒಂದು ಲೋಟ, ಹಲ್ಲುಜ್ಜೋಕೆ ಅರ್ಧ. ಮಗಳು "ಅಜ್ಜೀ, ಟ್ಯಾಪ್ ಇದೆಯಲ್ಲ?" ಅಂದಳು.

"ನಲ್ಲೀಲಿ ಬಂದ್ರೆ ಕೈಗೆ ಅಳತೆ ಗೊತ್ತಾಗಲ್ಲ ಪುಟ್ಟಿ. ಕೊಡದಲ್ಲಿ ಕಣ್ಣಿಗೆ ಕಂಡ್ರೆ ಕೈ ತಾನೇ ಹಿಡಿತಕ್ಕೆ ಬರುತ್ತೆ."

ಯೂಟ್ಯೂಬಿನಲ್ಲಿ ಇಪ್ಪತ್ತು ವೀಡಿಯೋ ನೋಡಿದ್ದೆ ಕಣ್ರೀ, ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಅಡುಗೆಯೂ ಬದಲಾಯ್ತು. ನಾಲ್ಕು ಪಾತ್ರೆ ಮಾಡುವ ಸಾರು ಪಲ್ಯ ಬಂದ್. ಒಂದೇ ಪಾತ್ರೆಯಲ್ಲಿ ಅಕ್ಕಿ, ಬೇಳೆ, ತರಕಾರಿ. ತರಕಾರಿ ತೊಳೆದ ನೀರಲ್ಲೇ ತಟ್ಟೆಗೆ ಮೊದಲ ತೊಳೆತ, ಆ ನೀರು ಕಕ್ಕಸಿಗೆ. ರಾತ್ರಿಗೆ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ರೊಟ್ಟಿ ಮೇಲೇ ಹಾಕಿಕೊಂಡು ತಿಂದರೆ ತಟ್ಟೆ ಯಾಕೆ ಬೇಕು? ಒಂದೇ ಒಂದು ವಿಷಯಕ್ಕೆ ನಮಗೂ ಅಮ್ಮನಿಗೂ ಜಗಳ ಆಗಿದ್ದು. ಪಾತ್ರೆ ತೊಳೆದ ನೀರನ್ನು ಅಲ್ಲೇ ಪೊದೆಗೆ ಚೆಲ್ಲಲು ಹೊರಟಳು. ಇಲ್ಲಮ್ಮ, ಇಲ್ಲಿ ನೆಲಕ್ಕೆ ಚೆಲ್ಲಬಾರದು, ಅದಕ್ಕೂ ಒಂದು ಟ್ಯಾಂಕ್ ಇದೆ ಅಂದೆ. "ಬಾಯಾರಿದ ಗಿಡ ಎದುರಿಗಿದೆ, ನೀರನ್ನ ಡಬ್ಬೀಲಿ ತುಂಬಿ ಬೀಗ ಹಾಕ್ತೀರಾ? ಇದೆಂಥ ಕಾನೂನು!" ಸೋಪು, ಎಣ್ಣೆ, ಮುಸುರೆಯ ವಾಸನೆಗೆ ಪ್ರಾಣಿಗಳು ಬರುತ್ತವೆ, ಬಂದವರೆಲ್ಲ ಚೆಲ್ಲಿದರೆ ಜಾಗ ಗಬ್ಬಾಗುತ್ತೆ ಅಂತ ನನ್ನವಳು ವಿವರಿಸಿದ ಮೇಲೆ ಒಪ್ಪಿದಳು, ಅರ್ಧ ಮನಸ್ಸಿನಿಂದ.

ನಮ್ಮಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ವ್ಯಾನಿನಲ್ಲಿ ಬಿಳಿ ಗಡ್ಡದ ಅಜ್ಜ ಒಬ್ಬರಿದ್ದರು. ಬಂದು ಒಂಬತ್ತು ದಿನ ಆಯ್ತಂತೆ. ಇಪ್ಪತ್ತು ಗ್ಯಾಲನ್ ತಂದಿದ್ದರಂತೆ, ಇನ್ನೂ ಐದು ಉಳಿದಿತ್ತು. ಅವರು ಒಂದು ಚಿಕ್ಕ ಬೋಗುಣಿಯಲ್ಲಿ ಅಂಗೈಯಗಲ ಬಟ್ಟೆ ಅದ್ದಿ ಕೈಕಾಲು ಮುಖ ಒರೆಸಿಕೊಳ್ಳುವುದನ್ನು ನೋಡಿ ಅಮ್ಮ "ಈ ಯಜಮಾನರಿಗೆ ಗೊತ್ತಿದೆ ನೋಡು" ಅಂದಳು. ಅವರಿಗೆ ಚಟ್ನಿಪುಡಿ ರೊಟ್ಟಿ ಕೊಟ್ಟು ಕಳಿಸಿದಳು. ಶನಿವಾರ ಸಂಜೆ ಅವರು ಕುರ್ಚಿ ಎತ್ತಿಕೊಂಡು ನಮ್ಮ ಹತ್ತಿರ ಬಂದು ಕೂತರು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಲಾಸ್ ಏಂಜಲೀಸ್ ಅಂದೆ.

ಅಜ್ಜ ನಕ್ಕು, "ಹಾಗಾದರೆ ಈ ಕಣಿವೆಯ ನೀರನ್ನು ಟ್ಯಾಂಕಿಗೆ ತುಂಬಿಸಿಕೊಂಡು ವಾಪಸ್ ತಂದಿದ್ದೀರಿ" ಅಂದರು.

ನನಗೆ ಅರ್ಥ ಆಗಲಿಲ್ಲ. ಆಮೇಲೆ ಅವರು ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಈ ಕಣಿವೆಯ ಹೆಸರು ಓವನ್ಸ್. ಇಲ್ಲಿನ ಮೂಲ ನಿವಾಸಿಗಳಾದ ಪೈಯೂಟ್ ಜನ ಇದನ್ನು ಕರೆಯೋದು 'ಹರಿಯುವ ನೀರಿನ ನಾಡು' ಅಂತ. ಪರ್ವತದ ಹಿಮ ಕರಗಿ ಬರುವ ತೊರೆಗಳಿಗೆ ಅವರು ಕಾಲುವೆ ತೋಡಿಕೊಂಡಿದ್ದರು. ಬಿಳಿಯರು ಬಂದು ಅವರನ್ನು ಎಬ್ಬಿಸಿ ಹೊಲ, ತೋಟ ಮಾಡಿದರು. ಆಮೇಲೆ ದಕ್ಷಿಣದಲ್ಲಿ ಬೆಳೆಯುತ್ತಿದ್ದ ಲಾಸ್ ಏಂಜಲೀಸಿಗೆ ನೀರು ಬೇಕಾಯ್ತು. ನಗರದವರು ಸದ್ದಿಲ್ಲದೆ ಇಲ್ಲಿನ ಜಮೀನು ಮತ್ತು ನೀರಿನ ಹಕ್ಕು ಕೊಂಡರು. ವಿಲಿಯಂ ಮಲ್‌ಹಾಲೆಂಡ್ ಅನ್ನೋ ಎಂಜಿನಿಯರ್ 233 ಮೈಲಿ ಉದ್ದದ ಕಾಲುವೆ ಕಟ್ಟಿದರು, ಒಂದೇ ಒಂದು ಪಂಪ್ ಇಲ್ಲದೆ, ಬರೀ ಇಳಿಜಾರಿನಲ್ಲಿ. 1913ರ ನವೆಂಬರ್ 5ರಂದು ನೀರು ಸಿಲ್ಮಾರ್ ಗುಡ್ಡದ ಮೇಲಿಂದ ಧುಮುಕಿತು.

"ನಿನ್ನೆ ನಾನು ತೋರಿಸಿದ್ದು ಅದೇನಾ?" ಅಮ್ಮ ಕೇಳಿದಳು. ಅದೇ.

ಇಲ್ಲಿನ ಓವನ್ಸ್ ಸರೋವರ 1926ರ ಹೊತ್ತಿಗೆ ಒಣಗಿಹೋಯಿತು. ಅದರ ತಳದಿಂದ ಎದ್ದ ಧೂಳು ಮುಂದೆ ಹಲವು ದಶಕ ಈ ಕಡೆಯವರನ್ನು ಕಾಡಿತು. ಈಗ ಆ ಧೂಳು ಏಳದ ಹಾಗೆ ನಗರದವರೇ ಸರೋವರದ ತಳಕ್ಕೆ ಅಲ್ಲಲ್ಲಿ ನೀರು ಬಿಡಬೇಕಾಗಿದೆ. ರೈತರು ಸುಮ್ಮನೆ ಕೂರಲಿಲ್ಲ. 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರ್ 16ಕ್ಕೆ ಎಪ್ಪತ್ತರಷ್ಟು ಜನ ಹೋಗಿ ಇಲ್ಲೇ ಹತ್ತಿರದ ಅಲಬಾಮಾ ಗೇಟ್ಸ್ ಅನ್ನೋ ತೂಬನ್ನು ತೆರೆದು, ನೀರನ್ನು ನದಿಗೆ ತಿರುಗಿಸಿ ನಾಲ್ಕು ದಿನ ಅಲ್ಲೇ ಕೂತರು. ಊರಿನವರೆಲ್ಲ ಹೆಂಗಸರು ಮಕ್ಕಳ ಸಮೇತ ಅಡುಗೆ ಕಟ್ಟಿಕೊಂಡು ಬಂದರು.

"ಇವತ್ತಿಗೆ ಸರಿಯಾಗಿ ನೂರು ವರ್ಷ" ಅಂದರು ಅಜ್ಜ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಕಾವೇರಿ ಗಲಾಟೆ ತರ. ಕೊನೆಗೆ ಯಾರಿಗೆ ಸಿಕ್ತು?" ಅಂದಳು. ಊರಿಗೆ ಸಿಗಲಿಲ್ಲಮ್ಮ, ಪಟ್ಟಣಕ್ಕೇ ಹೋಯ್ತು ಅಂದೆ. ಪಟ್ಟಣ ಅಂದರೆ ನಾವೇ ಅಂತ ಹೇಳೋಕೆ ಬಾಯಿ ಬರಲಿಲ್ಲ.

*

ಅಜ್ಜ ಹೋದ ಮೇಲೆ ಮಗಳು ಮಲಗಿದಳು. ಹೀಟರನ್ನು ಐವತ್ತೈದಕ್ಕೆ ಇಳಿಸಿ ನಾವು ಮೂವರು ಹೊದ್ದುಕೊಂಡು ಕೂತಿದ್ದೆವು. ನನ್ನವಳೇ ಕೇಳಿದಳು, "ಅತ್ತೆ, ನೀವು ಇಷ್ಟು ಅಚ್ಚುಕಟ್ಟಾಗಿ ನೀರು ಅಳೆಯೋದು ಎಲ್ಲಿ ಕಲಿತ್ರಿ?"

ಅಮ್ಮ ಹೇಳಿದ್ದು ನಾನು ಹುಟ್ಟಿ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. 1965ರಲ್ಲಿ ಮಳೆ ಕೈಕೊಟ್ಟಿತಂತೆ. ಊರ ಬಾವಿ ಬತ್ತಿತು. ಅಜ್ಜಿ ತುಂಬು ಬಸುರಿ. ಎರಡು ಮೈಲಿ ದೂರದ ಹಳ್ಳದ ಮರಳಲ್ಲಿ ವರತೆ ತೋಡಿ, ಒಸರಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡಕ್ಕೆ ತುಂಬಿಸಬೇಕು. ಒಂದು ಕೊಡ ತುಂಬೋಕೆ ಅರ್ಧ ಗಂಟೆ. ಬೆಳಗಿನ ಜಾವ ಹೋದರೂ ಸರದಿ ಬರೋ ಹೊತ್ತಿಗೆ ಸ್ಕೂಲಿನ ಗಂಟೆ ಹೊಡೆದಿರೋದು. "ತಲೆ ಮೇಲೆ ಸಿಂಬೆ, ಅದರ ಮೇಲೆ ಕೊಡ. ಸ್ಕೂಲ್ ಮುಂದೇನೇ ದಾರಿ. ಒಳಗೆ ಮಕ್ಕಳು ಮಗ್ಗಿ ಹೇಳ್ತಿರೋದು ಕೇಳ್ಸೋದು. ತಿರುಗಿ ನೋಡಿದ್ರೆ ನೀರು ಚೆಲ್ಲುತ್ತೆ ಅಂತ ನೋಡ್ತಿರಲಿಲ್ಲ."

ಏಳನೇ ಕ್ಲಾಸಿಗೆ ಅಮ್ಮನ ಓದು ನಿಂತಿದ್ದು ಗೊತ್ತಿತ್ತು. ತಾತನಿಗೆ ಹೆಣ್ಣುಮಕ್ಕಳು ಓದೋದು ಇಷ್ಟ ಇರಲಿಲ್ಲ ಅಂತ ನಾನೇ ಅಂದುಕೊಂಡಿದ್ದೆ. ಕೇಳಿರಲೇ ಇಲ್ಲ.

"ಅದಕ್ಕೇ ಕಣಪ್ಪ, ನಲ್ಲಿ ಹರೀತಿದ್ರೆ ನನಗೆ ಕೂತಲ್ಲಿ ಕೂರೋಕಾಗಲ್ಲ. ನಿನ್ನ ಮನೆ ನೀರಿನ ಬಿಲ್ ಉಳಿಸೋಕಲ್ಲ" ಅಂದಳು. ಸಿಟ್ಟಿನಿಂದೇನಲ್ಲ. ಆಮೇಲೆ ಇನ್ನೊಂದು ಮಾತು: "ನಿಮ್ಮ ಮನೇಲಿ ಎಲ್ಲ ಸ್ವಿಚ್ ಒತ್ತಿದ್ರೆ ಆಗುತ್ತೆ. ನನ್ನ ಕೈಲಿ ಆಗಬೇಕಾದ್ದು ಅಂತ ಏನೂ ಇಲ್ಲ. ಎರಡು ದಿನದಿಂದ ಚೆನ್ನಾಗಿದೆ ನೋಡು."

ಭಾನುವಾರ ಲೋನ್ ಪೈನ್ ಊರಿಗೆ ಇಳಿಯುವಾಗ ಗಾಡಿ ನಿಲ್ಲಿಸಿದೆ. ಊರಿನ ಅಂಚಿನಲ್ಲೇ ರಸ್ತೆಯ ಅಡಿಯಿಂದ ಕಾಲುವೆ ಹಾದು ಹೋಗುತ್ತೆ. ಬರುವಾಗ ಅದರ ಮೇಲೇ ಬಂದಿದ್ದೆವು, ಕಣ್ಣಿಗೆ ಬಿದ್ದಿರಲಿಲ್ಲ. ಬೇಲಿಯ ಆಚೆ ಸದ್ದಿಲ್ಲದೆ ಹರಿಯುವ ನೀರು. ಅಮ್ಮ ಬೇಲಿ ಹಿಡಿದುಕೊಂಡು ತುಂಬಾ ಹೊತ್ತು ನಿಂತಳು. ನಾನು ಹತ್ತಿರ ಹೋಗಿ "ಅವತ್ತು ಹಾಗೆ ಅನ್ನಬಾರದಿತ್ತಮ್ಮ" ಅಂದೆ. "ಯಾವತ್ತು?" ಅಂದಳು. ನಿಜವಾಗಿ ಮರೆತಿದ್ದಳೋ, ನನ್ನನ್ನು ಬಿಟ್ಟುಬಿಟ್ಟಳೋ ಗೊತ್ತಿಲ್ಲ.

*

ಸೋಮವಾರ ವಾಪಸ್ ಹೊರಟೆವು. ಡಂಪ್ ಸ್ಟೇಷನ್ನಿನಲ್ಲಿ ಕೊಳಕು ಟ್ಯಾಂಕ್‌ಗಳನ್ನು ಖಾಲಿ ಮಾಡಿದೆ (ಮೊದಲು ಕಕ್ಕಸಿನದ್ದು, ಆಮೇಲೆ ಪಾತ್ರೆ ತೊಳೆದದ್ದು. ಉಲ್ಟಾ ಮಾಡಿದರೆ ಪೈಪು ತೊಳೆಯೋ ಪುಣ್ಯ ನಿಮ್ಮದೇ!). ಗೋಡೆಯ ದೀಪ ನೀರು ಖಾಲಿ ಅಂತ ತೋರಿಸುತ್ತಿದ್ದರೂ ಪಂಪ್ ಹಾಕಿದರೆ ನೀರು ಬರುತ್ತಲೇ ಇತ್ತು. ಗಾಡಿ ವಾಪಸ್ ಕೊಡುವಾಗ ಟ್ಯಾಂಕ್ ಖಾಲಿ ಇರಬೇಕು ಅನ್ನೋದು ನಿಯಮ. ಮನೆ ಮುಂದೆ ನಿಲ್ಲಿಸಿ ಕೆಳಗಿನ ಕೊಳಾಯಿ ತಿರುಗಿಸಿ ಚರಂಡಿಗೆ ಬಿಡೋಣ ಅಂತ ಬಗ್ಗಿದೆ. ಅಮ್ಮ ಗ್ಯಾರೇಜಿನಿಂದ ನೀಲಿ ಬಕೆಟ್ ತಂದು ನನ್ನ ಕೈಗೆ ಕೊಟ್ಟಳು. ಒಂದು ಬಕೆಟ್ ತುಂಬಿ ಇನ್ನೂ ಸ್ವಲ್ಪ ಉಳಿಯಿತು. ನನ್ನವಳ ಕರಿಬೇವಿನ ಕುಂಡಕ್ಕೆ ಹಾಕಿದೆವು.

ಜನವರಿ ಕೊನೆಗೆ ಅಮ್ಮ ಊರಿಗೆ ಹೋದಳು. ಗ್ರೀನ್ ಕಾರ್ಡ್ ಮಾತು ನಾನು ಮತ್ತೆ ಎತ್ತಲಿಲ್ಲ. ಬಕೆಟನ್ನು ಬಚ್ಚಲಿಗೆ ವಾಪಸ್ ತಂದಿಟ್ಟದ್ದು ಯಾರು ಅಂತ ನನಗೆ ಗೊತ್ತಿರಲಿಲ್ಲ, ಕೇಳಿದರೆ ಮಗಳಂತೆ. ಫೋನ್ ಮಾಡಿದಾಗಲೆಲ್ಲ ಅಜ್ಜಿ ಮೊಮ್ಮಗಳನ್ನು ಕೇಳೋದು ಒಂದೇ, "ಕರಿಬೇವು ಹೆಂಗಿದೆ ಪುಟ್ಟಿ?" ಚಿಗುರಿದೆ.

ನೀವು ಯಾರಾದರೂ ಹೀಗೆ ಬಯಲಿಗೆ ಹೋಗೋದಿದ್ದರೆ ನನ್ನ ಸಲಹೆ ಮೂರೇ. ಹೀಟರ್ ಕಡಿಮೆ ಇಡಿ, ಕಂಬಳಿ ಒಯ್ಯಿರಿ. ಪಂಪ್ ಆರಿಸಿ, ಪಾತ್ರೆಯಲ್ಲಿ ನೀರಿಟ್ಟುಕೊಳ್ಳಿ. ಸಾಧ್ಯ ಆದರೆ ಅಮ್ಮನನ್ನು ಕರ್ಕೊಂಡು ಹೋಗಿ.

ಅಂದ ಹಾಗೆ, ನಿಮ್ಮ ಮನೆಗೆ ಬರೋ ನೀರು ಎಲ್ಲಿಂದ ಬರುತ್ತೆ ಅಂತ ನಿಮಗೆ ಗೊತ್ತಾ? ಗೊತ್ತಿದ್ದರೆ ಹೇಳಿ, ಕೇಳೋಕೆ ಕಾದಿರ್ತೀನಿ.